ಲಾಡುವಿನ ಗ್ರಂಥಿ

ಪೋಸ್ಟ್‌ಮನ್ ವೆಂಕೋಬನನ್ನು ರಾಯಚೂರಿನ ಹದಿನೇಳು ನಾಯಿಗಳು ಕಚ್ಚಿದ್ದವು. ಕಚ್ಚದೆ ಬಿಟ್ಟಿದ್ದು ಒಂದೇ ನಾಯಿ, ಅವನ ಸ್ವಂತ ಮನೆಯದು. ಅದೂ ಪ್ರೀತಿಯಿಂದ ಬಿಟ್ಟಿದ್ದಲ್ಲ. ವೆಂಕೋಬನ ಕಡೆ ತಿರುಗಿ ನೋಡಲು ಅದಕ್ಕೆ ಪುರುಸೊತ್ತೇ ಇರಲಿಲ್ಲ.

ನಾಯಿಯ ಹೆಸರು ಲಾಡು. ಬೆಳ್ಳಗೆ, ಗುಂಡಗೆ, ಹತ್ತಿಯ ಉಂಡೆಗೆ ನಾಲ್ಕು ಕಾಲು ಅಂಟಿಸಿದಂತಿದ್ದ ಸಣ್ಣ ಜಾತಿಯ ನಾಯಿ. ಎರಡು ವರ್ಷದ ಹಿಂದೆ ಸ್ಟೇಷನ್ ಮಾಸ್ತರರು ವರ್ಗವಾಗಿ ಹೋಗುವಾಗ, ತಮ್ಮ ಟಪಾಲನ್ನು ಒಂದು ದಿನವೂ ತಪ್ಪದೆ ತಲುಪಿಸಿದ್ದಕ್ಕೆ ಮೆಚ್ಚಿ ಆ ಮರಿಯನ್ನು ವೆಂಕೋಬನಿಗೆ ಕೊಟ್ಟು ಹೋಗಿದ್ದರು. ಹಿರಿಮಗಳನ್ನು ಯರಗೇರಾಕ್ಕೂ ಕಿರಿಮಗಳನ್ನು ಗಿಲ್ಲೆಸುಗೂರಿಗೂ ಮದುವೆ ಮಾಡಿ ಕೊಟ್ಟು, ಮನೆಯಲ್ಲಿ ತಾನೂ ಹೆಂಡತಿ ಮೂಕಮ್ಮನೂ ಇಬ್ಬರೇ ಉಳಿದಿದ್ದ ಹೊತ್ತು ಅದು. ಮೂಕಮ್ಮ ಹೆಸರಿಗೆ ತಕ್ಕಂತೆ ದಿನಕ್ಕೆ ಹತ್ತೇ ಮಾತಾಡುವ ಹೆಂಗಸು. ಆದ್ದರಿಂದ ಸಂಜೆ ಮನೆಗೆ ಬಂದಾಗ ಬಾಲವಾಡಿಸುತ್ತ ಓಡಿ ಬಂದು ಮೈಮೇಲೆ ಜಿಗಿಯುವ ಒಂದು ಜೀವ ಸಿಕ್ಕಿತಲ್ಲ ಎಂದು ವೆಂಕೋಬ ಹಿಗ್ಗಿದ್ದ.

ಲಾಡು ಓಡುತ್ತಿತ್ತು, ಜಿಗಿಯುತ್ತಲೂ ಇತ್ತು. ಆದರೆ ಎದುರುಮನೆಯ ತಾಯಣ್ಣನ ಮೈಮೇಲೆ.

ತಾಯಣ್ಣ ಮೂವತ್ತೈದು ವರ್ಷ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ ಹಳಿ ಮೆಟ್ಟಿ ನಿವೃತ್ತನಾದವನು. ಹೆಂಡತಿ ತೀರಿಕೊಂಡಿದ್ದಳು, ಮಗಳು ಹೈದರಾಬಾದಿನಲ್ಲಿ ನರ್ಸು. ಬೆಳಗಾದರೆ ಬೇವಿನ ಮರದ ಕೆಳಗೆ ಹೊರಸು ಹಾಕಿಕೊಂಡು, ಎರಡೂ ಕಾಲು ಚಾಚಿ, ಓಣಿಯಲ್ಲಿ ಹೋಗಿ ಬರುವವರಿಗೆ ಸಿಗ್ನಲ್ ಕೊಡುವವನಂತೆ ಕೂತುಬಿಡುತ್ತಿದ್ದ. ವೆಂಕೋಬ ಬಿಸಿಲಲ್ಲಿ ಊರೆಲ್ಲ ಸೈಕಲ್ ತುಳಿದು ಸಂಜೆ ಐದಕ್ಕೆ ಓಣಿಗೆ ತಿರುಗಿದರೆ ಕಾಣುತ್ತಿದ್ದುದು ಒಂದೇ ನೋಟ. ಲಾಡು ತಾಯಣ್ಣನ ಪಾದಗಳನ್ನು ಹಿಡಿದುಕೊಂಡು, ಹೋಳಿಗೆಯ ಮೇಲಿನ ತುಪ್ಪ ನೆಕ್ಕುವ ಹಾಗೆ, ಕಣ್ಣು ಮುಚ್ಚಿ ನೆಕ್ಕುತ್ತಿರುತ್ತಿತ್ತು. ವೆಂಕೋಬ ಸೈಕಲ್ ಗಂಟೆ ಬಾರಿಸಿದರೆ ಒಂದು ಕಿವಿ ಅಲ್ಲಾಡುತ್ತಿತ್ತು. ಅಷ್ಟೇ.

"ಮೂಕ ಪ್ರಾಣಿಗಿ ಮನಸ್ಯಾರ ಗುಣ ತಿಳೀತದ ನೋಡಪಾ ವೆಂಕೋಬ," ಎನ್ನುತ್ತಿದ್ದ ತಾಯಣ್ಣ. ದಿನವೂ ಅದೇ ಮಾತು, ಅದೇ ನಗು.

ವೆಂಕೋಬನ ಹೊಟ್ಟೆಯಲ್ಲಿ ಆಗ ಏಳುತ್ತಿದ್ದ ಉರಿ ಬ್ಯಾಡಗಿ ಮೆಣಸಿನಕಾಯಿ ಹುರಿದರೂ ಏಳುತ್ತಿರಲಿಲ್ಲ. ನಾಯಿಯ ಮನಸ್ಸು ಗೆಲ್ಲಲು ಅವನು ಬನ್ನು ತಂದ, ಬಿಸ್ಕೀಟು ತಂದ, ಸತ್ತಾರ್ ಸಾಬರ ಖಾನಾವಳಿಯಿಂದ ಎಲುಬು ಕಟ್ಟಿಸಿಕೊಂಡು ಬಂದ. ಲಾಡು ಎಲ್ಲವನ್ನೂ ಗೌರವದಿಂದ ತಿಂದು, ಪ್ರವಾಸದ ಮೇಲೆ ಬಂದ ಸಾಹೇಬರು ಊಟ ಮುಗಿಸಿ ಜೀಪು ಹತ್ತುವ ಹಾಗೆ, ಓಣಿ ದಾಟಿ ತಾಯಣ್ಣನ ಕಾಲಬುಡಕ್ಕೆ ಹೋಗಿ ಮಲಗುತ್ತಿತ್ತು.

ಎಂಬತ್ತೆರಡನೇ ಇಸವಿಯ ಯುಗಾದಿ ಕಳೆದ ಮೇಲೆ ಲಾಡುವಿನ ಮೈ ಕೆಟ್ಟಿತು. ಬಟ್ಟಲು ನೀರು ಕುಡಿಯುತ್ತಿದ್ದ ನಾಯಿ ಬಕೆಟ್ಟಿಗೆ ಬಾಯಿ ಹಾಕತೊಡಗಿತು. ಕುಡಿದಷ್ಟನ್ನೂ ಮನೆಯ ಮೂಲೆ ಮೂಲೆಗೆ ಹಂಚಿತು. ತಿಂದಷ್ಟೂ ಹಸಿವು. ಹೊಟ್ಟೆ ಗಡಿಗೆಯಂತೆ ಕೆಳಗೆ ಜೋತುಬಿತ್ತು, ಪಕ್ಕೆಯ ಕೂದಲೂ ಬಾಲದ ಕೂದಲೂ ಉದುರಿ ಬೆಳ್ಳನೆಯ ಬಾಲ ರೇಡಿಯೋದ ಏರಿಯಲ್ ಆಯಿತು. ಸುಮ್ಮನೆ ಮಲಗಿದ್ದರೂ ದಿಬ್ಬ ಹತ್ತಿ ಬಂದಂತೆ ಏದುಸಿರು.

ಓಣಿಗೆ ಓಣಿಯೇ ರೋಗ ಕಂಡುಹಿಡಿಯಲು ಕೂತಿತು.

"ನಜರ್ ತಗಲ್ಯದ," ಎಂದಳು ಪಕ್ಕದ ಮನೆಯ ಮುನವ್ವರ್ ಬೀ. "ಅಷ್ಟ ಬೆಳ್ಳಗಿತ್ತು ಬಿಚಾರಾ. ಯಾರರ ನೋಡಿ ಉರಕೊಂಡಾರ."

"ನಜರ್ ಅಲ್ಲ ಏನಲ್ಲ, ಬಸುರಿ ಆಗ್ಯದ," ಎಂದರು ಸತ್ತಾರ್ ಸಾಬ್.

"ಗಂಡು ನಾಯಿ ಸಾಬ್ರ," ಎಂದ ತಾಯಣ್ಣ ಹೊರಸಿನ ಮೇಲಿಂದಲೇ. ಆಮೇಲೆ ದನಿ ಇಳಿಸಿ, ಆದರೆ ವೆಂಕೋಬನಿಗೆ ಕೇಳುವಷ್ಟೇ ಇಳಿಸಿ, "ಮನ್ಯಾಗ ಸುಖ ಇಲ್ಲ ಅದಕ್ಕ. ಕೊರಗಿ ಕೊರಗಿ ಹಿಂಗಾಗ್ಯದ," ಎಂದ.

ವೆಂಕೋಬ ಮರುದಿನವೇ ನಾಯಿಯನ್ನು ಸೈಕಲ್ಲಿನ ಟಪಾಲು ಚೀಲದಲ್ಲಿ ಕೂರಿಸಿಕೊಂಡು ದನದ ದವಾಖಾನೆಗೆ ಹೋದ. ಅಲ್ಲಿನ ಡಾಕ್ಟರು ಮೊದಲು ಜಂತುಹುಳದ ಔಷಧ ಕೊಟ್ಟರು. ಜಂತು ಬೀಳಲಿಲ್ಲ. ಸಕ್ಕರೆ ಕಾಯಿಲೆಯೇನೋ ಎಂದು ಮೂತ್ರ ತರಲು ಹೇಳಿದರು. ವೆಂಕೋಬ ಮೂರು ದಿನ ಚಮಚೆ ಹಿಡಿದು ನಾಯಿಯ ಹಿಂದೆ ತಿರುಗಿದ. ಪರೀಕ್ಷೆ ಮಾಡಿದರೆ ಸಕ್ಕರೆಯೂ ಇರಲಿಲ್ಲ. ಕೊನೆಗೆ ಡಾಕ್ಟರು ದಪ್ಪ ಪುಸ್ತಕವೊಂದರ ಧೂಳು ಕೊಡವಿ ನೋಡಿ, "ಕಿಡ್ನಿ ನೆತ್ತಿ ಮ್ಯಾಲ ಟೋಪಿ ಇಟ್ಟಂಗ ಎರಡು ಸಣ್ಣ ಗ್ರಂಥಿ ಇರತಾವ್ರಿ. ಅಡ್ರಿನಲ್ ಅಂತಾರ. ಅವು ಅತೀ ಕೆಲಸ ಮಾಡಾಕತ್ರ ಹಿಂಗ ನೀರು ಕುಡೀತಾವ, ಹೊಟ್ಟಿ ಬರತದ, ಕೂದಲ ಹೋಗತಾವ. ನನಗ ಅದರದ್ದ ಸಂಶೆ ಅದ," ಎಂದರು.

ವೆಂಕೋಬನಿಗೆ ಹೆದರಿಕೆಯ ಜೊತೆ ಒಂದು ತೆರನಾದ ಹೆಮ್ಮೆಯೂ ಆಯಿತು. ಇಡೀ ಜಿಲ್ಲೆಯಲ್ಲಿ ಯಾವ ನಾಯಿಗೂ ಇಲ್ಲದ ರೋಗ ತನ್ನ ನಾಯಿಗೆ. ಓಣಿಗೆ ಬಂದು, ತಾಯಣ್ಣನಿಗೆ ಕೇಳಲೆಂದೇ ಗಟ್ಟಿಯಾಗಿ, "ಅಡ್ರಿನಲ್," ಎಂದ.

"ಹೌದೇನು," ಎಂದ ತಾಯಣ್ಣ. "ವಾಡಿ ಜಂಕ್ಷನ್ನಿನ ಒಬ್ಬ ಡ್ರೈವರ್‌ಗಿ ಆಗಿತ್ತು ಅದು. ಭಾಳ ದಿನ ಬದುಕಿದ್ದ."

ಸಂಶಯ ಖಾತ್ರಿಯಾಗಲು ರಕ್ತ ಪರೀಕ್ಷೆ ಆಗಬೇಕಿತ್ತು. ಒಮ್ಮೆ ರಕ್ತ ತೆಗೆದು, ಗ್ರಂಥಿಯನ್ನು ಕೆಣಕುವ ಒಂದು ಸೂಜಿ ಚುಚ್ಚಿ, ಗಂಟೆ ಬಿಟ್ಟು ಮತ್ತೊಮ್ಮೆ ತೆಗೆದರು. ಎರಡೂ ಶೀಷೆಗಳು ಬರ್ಫದ ಡಬ್ಬಿಯಲ್ಲಿ ಕೂತು ರೈಲಿನಲ್ಲಿ ಹೈದರಾಬಾದಿಗೆ ಹೋದವು. ಹನ್ನೆರಡು ದಿನಕ್ಕೆ ಬಂದ ವರದಿಯ ಲಕೋಟೆಯನ್ನು ದವಾಖಾನೆಗೆ ಮುಟ್ಟಿಸಿದವನು ವೆಂಕೋಬನೇ. ಡಾಕ್ಟರು ಅದನ್ನು ನೆಟ್ಟಗೆ ಓದಿದರು, ಓರೆ ಹಿಡಿದು ಓದಿದರು, ತಲೆ ಕೆರೆದುಕೊಂಡರು.

"ಈ ಅಂಕಿ ನನಗ ತಿಳೀವಲ್ದು. ಮಾನ್ವ್ಯಾಗ ಸಲಾವುದ್ದೀನ್ ಅಂತ ಡಾಕ್ಟರ್ ಅದಾರ, ನಾಯಿ ರೋಗದ್ದ ಹೆಚ್ಚಿಗಿ ಓದ್ಯಾರ. ವರದಿ ತಗೊಂಡು, ನಾಯಿ ಕರಕೊಂಡು ಅಲ್ಲಿಗಿ ಹೋಗ್ರಿ."

ಹೀಗೆ ಜುಲೈ ತಿಂಗಳ ಒಂದು ಗುರುವಾರ ಬೆಳಿಗ್ಗೆ ವೆಂಕೋಬ ರಜೆ ಹಾಕಿ, ಹೆಂಡತಿಯನ್ನೂ ಲಾಡುವನ್ನೂ ಕರೆದುಕೊಂಡು ಮಾನ್ವಿಗೆ ಹೊರಟ. ಹೊರಡುವುದೇ ಒಂದು ದೊಡ್ಡ ಕೆಲಸವಾಯಿತು. ಲಾಡು ತಾಯಣ್ಣನ ಹೊರಸಿನ ಕೆಳಗೆ ಹೊಕ್ಕು ನಾಲ್ಕು ಕಾಲನ್ನೂ ನೆಲಕ್ಕೆ ಊರಿತು. ವೆಂಕೋಬ ಎಳೆದರೆ ಕೊರಳು ಉದ್ದವಾಯಿತೇ ಹೊರತು ನಾಯಿ ಬರಲಿಲ್ಲ. ಕೊನೆಗೆ ತಾಯಣ್ಣನೇ ಎದ್ದು, ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ ನಿಲ್ದಾಣದವರೆಗೆ ಬಂದ. ಹಿಂದೆ ವೆಂಕೋಬ, ಬೀಗರ ಮನೆಯ ಮೆರವಣಿಗೆಯಲ್ಲಿ ಯಾರೂ ಗುರುತಿಸದ ಮದುಮಗನಂತೆ ನಡೆದ. ಬಸ್ಸಿನಲ್ಲಿ ಕೂತ ಮೇಲೆ ತಾಯಣ್ಣ ತನ್ನ ಹೆಗಲ ಟವೆಲ್ಲನ್ನು ತೆಗೆದು ಕಿಟಕಿಯಿಂದ ಒಳಗೆ ಕೊಟ್ಟ.

"ಇದರಾಗ ಸುತ್ತಿ ಮಲಗಿಸು. ನನ್ನ ವಾಸನಿ ಇದ್ರ ಸುಮ್ಮನ ಇರತದ. ಇಲ್ದಿದ್ರ ನಿನ್ನ ಕೂಡ ಬರಂಗಿಲ್ಲ ಅದು."

ಬೆವರು, ಬೀಡಿ, ಮತ್ತೇನೋ ಔಷಧದ ವಾಸನೆಯ ಆ ಟವೆಲ್ಲಿನಲ್ಲಿ ಮೂತಿ ಹುದುಗಿಸಿ ಲಾಡು ನಿದ್ದೆ ಹೋಯಿತು. ವೆಂಕೋಬನ ತೊಡೆಯ ಮೇಲೆ ವೆಂಕೋಬನ ನಾಯಿ, ತಾಯಣ್ಣನ ಟವೆಲ್ಲಿನಲ್ಲಿ. ಹತ್ತು ಮೈಲಿ ಅವನು ಹಲ್ಲು ಕಚ್ಚಿ ತಡೆದುಕೊಂಡ. ಕಲ್ಲೂರು ದಾಟಿದ ಮೇಲೆ ಟವೆಲ್ಲನ್ನು ಮೆಲ್ಲಗೆ ಎಳೆದು, ಮೂಕಮ್ಮ ಅತ್ತ ನೋಡುವಾಗ, ಕಿಟಕಿಯಿಂದ ಹೊರಗೆ ಬಿಟ್ಟುಬಿಟ್ಟ.

ಲಾಡು ಕಣ್ಣು ತೆರೆಯಿತು. ಮೂಸಿ ನೋಡಿತು. ಆಮೇಲೆ ಅದು ತೆಗೆದ ರಾಗಕ್ಕೆ ಬಸ್ಸಿನಲ್ಲಿದ್ದ ಎರಡು ಕೂಸುಗಳು ದನಿಗೂಡಿಸಿದವು, ಬುಟ್ಟಿಯಲ್ಲಿದ್ದ ಕೋಳಿಗಳು ರೆಕ್ಕೆ ಬಡಿದವು, ಮುಂದಿನ ಸೀಟಿನ ಮುದುಕನೊಬ್ಬ ಯಾರೋ ಸತ್ತರೆಂದು ತಿಳಿದು ಟೋಪಿ ತೆಗೆದ. ಊಳಿಡುತ್ತಲೇ ಲಾಡು ಕುಡಿದಿದ್ದ ನೀರನ್ನೆಲ್ಲ ಸೀಟಿನ ಕೆಳಗೆ ಹರಿಯಬಿಟ್ಟಿತು. ಅದು ಕಾಲುವೆಯಂತೆ ಹರಿದು ಕಂಡಕ್ಟರನ ಚಪ್ಪಲಿ ಮುಟ್ಟಿತು.

ಕಂಡಕ್ಟರ್ ಶಿಳ್ಳೆ ಊದಿದ. "ಇಳೀರಿ. ಮೂರೂ ಮಂದಿ ಇಳೀರಿ."

ಬಟಾಬಯಲಿನಲ್ಲಿ ಇಳಿದ ಮೇಲೆ ಮೂಕಮ್ಮ ಆ ದಿನದ ಮೊದಲನೆಯ ಮಾತಾಡಿದಳು. "ಟವೆಲ್ ಎಲ್ಲದ?"

ವೆಂಕೋಬ ಬಂದ ದಾರಿಯಲ್ಲೇ ಒಂದು ಮೈಲಿ ಹಿಂದಕ್ಕೆ ನಡೆದ. ಟವೆಲ್ಲು ಜಾಲಿಕಂಟಿಗೆ ಸಿಕ್ಕಿತ್ತು. ಅದರ ಇನ್ನೊಂದು ತುದಿ ಒಂದು ಎಮ್ಮೆಯ ಬಾಯಲ್ಲಿತ್ತು. ಅವನು ಈಚೆಯಿಂದ ಎಳೆದ, ಎಮ್ಮೆ ಆಚೆಯಿಂದ ಎಳೆಯಿತು. ಇಬ್ಬರಿಗೂ ಅರ್ಧರ್ಧ ಬಂತು. ಅರ್ಧ ಟವೆಲ್ಲು ಮೂಗಿಗೆ ಮುಟ್ಟಿದೊಡನೆ ಲಾಡು ಗಪ್ಪಾಗಿ, ಅದನ್ನು ತಬ್ಬಿಕೊಂಡು ಮಲಗಿತು. ವೆಂಕೋಬ ಅರಿವೆಯ ಆ ತುಂಡನ್ನು ನೋಡುತ್ತ, ಮುಂದಿನ ಬಸ್ಸಿಗಾಗಿ ಬಿಸಿಲಲ್ಲಿ ನಿಂತ.

ಮಾನ್ವಿಯ ದವಾಖಾನೆಯಲ್ಲಿ ಕಾಂಪೌಂಡರ್ ಗುಲಾಮ್ ದಸ್ತಗೀರ್ ಒಬ್ಬನೇ ಇದ್ದ.

"ಡಾಕ್ಟರ್ ಸಾಬ್ರು ದೇವದುರ್ಗಕ್ಕ ಹೋಗ್ಯಾರಲ್ರೀ. ಎಮ್ಮಿ ಕ್ಯಾಂಪ್ ಅದ. ನಾಳಿ ಪೋತ್ನಾಳ, ನಾಡದ ಮತ್ತೆಲ್ಲೋ," ಎಂದು ಅವನು ಹೇಳುತ್ತಿರುವಾಗಲೇ ಲಾಡು ಅಲ್ಲಿ ಕುದುರೆಗೆಂದು ನೀರು ತುಂಬಿಟ್ಟಿದ್ದ ಬಾನಿಗೆ ಮೂತಿಯಿಟ್ಟು ತಳ ಕಾಣಿಸಿತು. ಗುಲಾಮ್ ದಸ್ತಗೀರ್ ಬಾನಿ ಬಗ್ಗಿಸಿ ನೋಡಿದ. "ಇದು ನಾಯೇನ್ರಿ, ಪಂಪ್‌ಸೆಟ್ಟೇನ್ರಿ? ತಡಾ ಮಾಡಬ್ಯಾಡ್ರಿ, ಇವತ್ತ ದೇವದುರ್ಗಕ್ಕ ಹೋಗ್ರಿ."

ನೇರ ಬಸ್ಸು ಆಗಲೇ ಹೋಗಿತ್ತು. ತೌಡಿನ ಚೀಲ ತುಂಬಿದ ಲಾರಿಯೊಂದು ಸಿಕ್ಕಿತು. ಚೀಲಗಳ ಮೇಲೆ ಕೂತು ಸಿರವಾರದ ಮೇಲೆ ಹಾಯ್ದು ದೇವದುರ್ಗ ಮುಟ್ಟುವ ಹೊತ್ತಿಗೆ ಮಧ್ಯಾಹ್ನ ಎರಡೂವರೆ. ಮೂವರೂ ತೌಡಿನಲ್ಲಿ ಹೊರಳಿ ಒಂದೇ ಬಣ್ಣಕ್ಕೆ ತಿರುಗಿದ್ದರು.

ಡಾಕ್ಟರ್ ಸಲಾವುದ್ದೀನ್ ಎಳೆಯ ವಯಸ್ಸಿನವರು. ಒಂದು ಎಮ್ಮೆಯೊಳಗೆ ಭುಜದವರೆಗೆ ಕೈ ಹಾಕಿ ನಿಂತಿದ್ದರು. ನಾಯಿಯನ್ನು ಕಂಡೊಡನೆ ಅವರ ಮುಖ ಅರಳಿತು. ನಾಯಿಯ ರೋಗಗಳ ಬಗ್ಗೆ ಎರಡು ವರ್ಷ ಓದಿ, ಮೂರು ವರ್ಷದಿಂದ ಎಮ್ಮೆಯ ಹೊರತು ಬೇರೇನೂ ಕಾಣದವರು ಅವರು. ಕೈ ತೊಳೆದು ಬಂದು ಲಾಡುವನ್ನು ಮೇಜಿನ ಮೇಲೆ ಮಲಗಿಸಿ, ಹೊಟ್ಟೆ ಒತ್ತಿದರು, ಹಪ್ಪಳದಂತೆ ತೆಳುವಾಗಿದ್ದ ಚರ್ಮವನ್ನು ಚಿವುಟಿ ಎತ್ತಿ ನೋಡಿದರು. ಆಮೇಲೆ ವರದಿ ಬಿಚ್ಚಿ ಓದಿ, ಮತ್ತೆ ನಾಯಿಯನ್ನು ನೋಡಿ, ಮತ್ತೆ ವರದಿ ಓದಿದರು.

"ವಿಚಿತ್ರ ಅದಲ್ರೀ," ಎಂದರು. "ನಾಯಿ ಮೈ ನೋಡಿದ್ರ ಗ್ರಂಥಿ ಹಗಲೂ ರಾತ್ರಿ ದುಡೀತದ ಅನ್ನಬೇಕು. ರಕ್ತ ನೋಡಿದ್ರ ಗ್ರಂಥಿ ಮಲಗ್ಯದ. ಸೂಜಿ ಚುಚ್ಚಿ ಎಬ್ಬಿಸಿದ್ರೂ ಎದ್ದಿಲ್ಲ."

"ಹಂಗಂದ್ರ ಏನ್ರೀ?" ಎಂದ ವೆಂಕೋಬ.

"ಮನಿಗಿ ಹೊರಗಿಂದ ಊಟ ಬರಾಕತ್ತಿದ್ರ ಒಲಿ ಯಾರು ಹಚ್ಚತಾರ್ರಿ? ಅಡ್ರಿನಲ್ ತಯಾರ ಮಾಡೂ ರಸ ಇದಕ್ಕ ಹೊರಗಿಂದ ಸಿಗಾಕತ್ಯದ. ದಿನಾ, ಭಾಳ ದಿನದಿಂದ. ಅದಕ್ಕ ಗ್ರಂಥಿ ಕೆಲಸ ಬಿಟ್ಟು ಮಲಗ್ಯದ. ಮಾತ್ರಿ ಏನರ ಕೊಟ್ಟೀರೇನು? ಸೂಜಿ?"

"ಜಂತಿನ ಔಷಧ ಬಿಟ್ರ ಏನಿಲ್ರಿ."

"ಮನ್ಯಾಗ ಯಾರಿಗರ ದಮ್ಮು, ಮೈ ಕಡತ, ಅಂಥಾದಕ್ಕ ಔಷಧ ಅದ ಏನು?"

"ಇಲ್ರಿ."

ಡಾಕ್ಟರ್ ಸಲಾವುದ್ದೀನ್ ಗಲ್ಲ ಉಜ್ಜಿಕೊಂಡರು. ನಾಯಿ ಮೇಜಿನ ಮೇಲೆ ಮಲಗಿ ಅರ್ಧ ಟವೆಲ್ಲನ್ನು ನೆಕ್ಕುತ್ತಿತ್ತು. ಅವರು ಅದನ್ನೇ ಸ್ವಲ್ಪ ಹೊತ್ತು ನೋಡಿ, "ಮತ್ತ ಏನೇನು ನೆಕ್ಕತದ ಇದು?" ಎಂದು ಕೇಳಿದರು.

ವೆಂಕೋಬ ಬಾಯಿ ತೆರೆಯುವ ಮೊದಲೇ ಮೂಕಮ್ಮ ಹೇಳಿದಳು. "ಎದುರಮನಿ ತಾಯಣ್ಣನ ಕಾಲು ನೆಕ್ಕತದ್ರಿ. ಮುಂಜಾನಿ ಒಂದ ತಾಸು, ಸಂಜಿಕ ಒಂದ ತಾಸು. ಅವರ ಕಾಲಿಗಿ ಇಸುಬು ಆಗ್ಯದ. ಮಗಳು ಹೈದರಾಬಾದಿಂದ ಮುಲಾಮು ಕಳಸತಾಳ. ಅದನ್ನ ಗೋಡಿಗಿ ಸುಣ್ಣಾ ಹಚ್ಚಿದಂಗ ಹಚ್ಚಕೋತಾರ."

ಡಾಕ್ಟರು ಮೇಜು ಗುದ್ದಿದರು. ಎಮ್ಮೆಗಳು ತಿರುಗಿ ನೋಡಿದವು. "ಅದ ನೋಡ್ರಿ. ಆ ಮುಲಾಮಿನಾಗ ಅದ ರಸ ಇರತದ. ನಾಯಿಗಿ ಗ್ರಂಥಿ ರೋಗ ಇಲ್ಲ. ಮುಲಾಮು ತಿಂದು ರೋಗ ಬಂದದ."

ವೆಂಕೋಬನ ಎದೆಯೊಳಗಿಂದ ಎರಡು ವರ್ಷದ ಕಲ್ಲುಚಪ್ಪಡಿಯೊಂದು ಜಾರಿ ಬಿದ್ದಂತಾಯಿತು. ಗುಣವಲ್ಲ. ಪ್ರೀತಿಯಲ್ಲ. ಮುಲಾಮು. ನಾಯಿ ಇಷ್ಟು ದಿನ ನೆಕ್ಕಿದ್ದು ತಾಯಣ್ಣನನ್ನಲ್ಲ, ಒಂದು ಟ್ಯೂಬನ್ನು.

"ಈಗ ಇದಕ್ಕ ಏನು ಮಾಡಬೇಕಂದ್ರ," ಎಂದು ಡಾಕ್ಟರು ಚೀಟಿ ಹುಡುಕುತ್ತ ಶುರುಮಾಡುವುದಕ್ಕೂ, ಹೊರಗೆ ರಾಯಚೂರಿನ ಬಸ್ಸು ಹಾರ್ನ್ ಹೊಡೆಯುವುದಕ್ಕೂ ಸರಿಹೋಯಿತು.

"ನೀ ಕೇಳಕೊಂಡು ಹಿಂದಿನ ಬಸ್ಸಿಗಿ ಬಾ," ಎಂದು ಹೆಂಡತಿಗೆ ಹೇಳಿದವನೇ ವೆಂಕೋಬ ಓಡಿ ಬಸ್ಸು ಹಿಡಿದ. ತಾಯಣ್ಣ ಹೊರಸು ಎತ್ತಿ ಒಳಗಿಡುವುದರೊಳಗೆ, ಓಣಿಯ ಜನ ಹೊರಗಿರುವಾಗಲೇ, ಈ ಮಾತು ಹೇಳಬೇಕಾಗಿತ್ತು. ಗಬ್ಬೂರು ಬರುವವರೆಗೆ ಹೇಗೆ ಹೇಳುವುದೆಂದು ಮೂರು ಬಗೆಯಲ್ಲಿ ಬಾಯಿಪಾಠ ಮಾಡಿದ. ಪಕ್ಕದಲ್ಲಿ ಕೂತವನು ಎದ್ದು ಬೇರೆ ಸೀಟಿಗೆ ಹೋದ.

ಸಂಜೆ ಆರಕ್ಕೆ ಓಣಿ ತುಂಬಿತ್ತು. ತಾಯಣ್ಣ ಹೊರಸಿನ ಮೇಲೆ ಕಾಲು ಚಾಚಿ ಕೂತಿದ್ದ. ಮುನವ್ವರ್ ಬೀ ಕಟ್ಟೆಯ ಮೇಲೆ ಕಾಯಿಪಲ್ಲೆ ಬಿಡಿಸುತ್ತಿದ್ದಳು. ಸತ್ತಾರ್ ಸಾಬ್ ಖಾನಾವಳಿಗೆ ಹೊರಟವರು ನಿಂತರು. ವೆಂಕೋಬ ಮೈಮೇಲಿನ ತೌಡನ್ನೂ ಕೊಡವದೆ ಓಣಿಯ ನಡುವೆ ನಿಂತು, ತಂತಿ ಸುದ್ದಿ ಓದುವವನಂತೆ ಹೇಳಿದ.

"ರೋಗ ಸಿಕ್ತು. ನಾಯಿಗಿ ವಿಷಾ ಹಾಕಿದವರೂ ಸಿಕ್ರು."

ಎಲ್ಲವನ್ನೂ ಹೇಳಿದ. ಮಲಗಿದ ಗ್ರಂಥಿ, ಹೊರಗಿನಿಂದ ಬರುವ ರಸ, ಮುಲಾಮು. ಕೊನೆಗೆ, ದಾರಿಯುದ್ದಕ್ಕೂ ತಿದ್ದಿ ತೀಡಿದ ಮಾತು. "ಮೂಕ ಪ್ರಾಣಿಗಿ ಗುಣಾ ತಿಳೀತದ ಅಂತಿದ್ದಿ ತಾಯಣ್ಣ. ಅದಕ್ಕ ತಿಳದಿದ್ದು ನಿನ್ನ ಗುಣಾ ಅಲ್ಲ, ನಿನ್ನ ಇಸುಬಿನ ಮುಲಾಮು."

ತಾಯಣ್ಣ ತನ್ನ ಕಾಲುಗಳನ್ನು ನೋಡಿಕೊಂಡ. ಅವು ತನ್ನವಲ್ಲವೇನೋ ಎಂಬಂತೆ ನಿಧಾನವಾಗಿ ಮಡಚಿ ಪಂಚೆಯೊಳಗೆ ಎಳೆದುಕೊಂಡ.

"ನನಗ ಏನು ಗೊತ್ತಪಾ," ಎಂದ. ದನಿ ಇಳಿದಿತ್ತು. "ಮಗಳು ಕಳಸತಿದ್ಲು, ಹಚ್ಚಕೋತಿದ್ದೆ. ಪಾರ್ಸಲ್ ತಂದು ಕೊಡಾವ ನೀನ ಅಲ್ಲೇನು?"

ಮುನವ್ವರ್ ಬೀ ವೆಂಕೋಬನ ಕಡೆ ತಿರುಗಿದಳು. "ಹೌದಲ್ಲ. ಸಹಿ ಮಾಡಿಸಿಕೊಂಡು ಕೊಡತಿದ್ದಿ ನೀ."

"ಒಳಗೇನದ ಅಂತ ನನಗ ಹ್ಯಾಂಗ ಗೊತ್ತು?" ಎಂದ ವೆಂಕೋಬ.

ತಾಯಣ್ಣ ತಲೆದಿಂಬಿನ ಕೆಳಗಿಂದ ಟ್ಯೂಬು ತೆಗೆದು ಮೋರಿಗೆ ಎಸೆದ. "ಇನ್ನ ನನ್ನ ಕೈಲೆ ಅದನ್ನ ಮುಟ್ಟಿದ್ರ ನಾ ನಮ್ಮಪ್ಪಗ ಹುಟ್ಟಿಲ್ಲ. ನಿನ್ನ ನಾಯಿ ನೀ ಇಟಗೋ. ಈ ಕಡಿ ಬಿಡಬ್ಯಾಡ," ಎಂದು ಹೊರಸು ಎತ್ತಿಕೊಂಡು ಒಳಗೆ ಹೋದ. ಬಾಗಿಲ ಅಗಳಿ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು.

ಎರಡು ವರ್ಷದಲ್ಲಿ ಮೊದಲ ಸಲ ಬೇವಿನ ಮರದ ಕೆಳಗಿನ ಜಾಗ ಖಾಲಿಯಾಯಿತು. ವೆಂಕೋಬ ತನ್ನ ಕಟ್ಟೆಯ ಮೇಲೆ ಕೂತು, ಎರಡೂ ಕಾಲು ಚಾಚಿ, ಆ ಖಾಲಿ ಜಾಗ ನೋಡುತ್ತ ಚಹಾ ಕುಡಿದ. ಸಕ್ಕರೆ ಹಾಕುವುದು ಮರೆತಿದ್ದರೂ ಸಿಹಿಯಾಗಿಯೇ ಇತ್ತು.

ದೀಪ ಹಚ್ಚುವ ಹೊತ್ತಿಗೆ ಮೂಕಮ್ಮ ನಾಯಿಯೊಂದಿಗೆ ಬಂದಳು. ಕೆಳಗಿಳಿಸಿದೊಡನೆ ಲಾಡು ಬೇವಿನ ಮರದ ಬುಡಕ್ಕೆ ಓಡಿತು, ಹೊರಸು ಕಾಣದೆ ಸುತ್ತು ಹಾಕಿತು, ತಾಯಣ್ಣನ ಬಾಗಿಲಿಗೆ ಹೋಗಿ ಉಗುರಿನಿಂದ ಕೆರೆಯತೊಡಗಿತು.

"ಕೆರೀಲಿ ಬಿಡು. ಎರಡು ದಿನ," ಎಂದ ವೆಂಕೋಬ. "ಮುಲಾಮಂತೂ ಮೋರಿ ಸೇರ್ತು."

ಮೂಕಮ್ಮ ಚೀಲದಿಂದ ಚೀಟಿ ತೆಗೆದವಳು ಹಾಗೇ ನಿಂತಳು. ಆಮೇಲೆ ಮಾತಾಡಿದಳು. ಒಂದು ವಾರದಲ್ಲಿ ಆಡುವಷ್ಟನ್ನು ಒಂದೇ ಉಸಿರಿನಲ್ಲಿ ಆಡಿದಳು. "ಮೋರಿಗಿ ಯಾಕ ಹಾಕಿದ್ರಿ? ಡಾಕ್ಟರು ಒಮ್ಮಿಂದೊಮ್ಮಿಗಿ ನಿಂದರಸಬ್ಯಾಡ್ರಿ ಅಂತ ಮೂರ್ ಸಲ ಹೇಳ್ಯಾರ. ಅದರ ಗ್ರಂಥಿ ಮಲಗ್ಯದಂತ, ಹೊರಗಿಂದೂ ನಿಂತ್ರ ಮೈಯಾಗ ಏನೂ ಉಳಿಯಂಗಿಲ್ಲಂತ, ಮೂರ್ ದಿನದಾಗ ಕುಸದು ಬಿದ್ದು ಸಾಯತದಂತ. ಮೆಲ್ಲಕ ಕಮ್ಮಿ ಮಾಡಕೋತ ಗ್ರಂಥಿ ಎಬ್ಬಸಬೇಕಂತ. ಇಷ್ಟ ಸಣ್ಣ ನಾಯಿಗಿ ಆಗೋ ಮಾತ್ರಿ ಇಲ್ಲಿ ಸಿಗಂಗಿಲ್ಲ, ಹೈದರಾಬಾದಿಂದ ತರಸತಾರಂತ. ಬರೋತನಾ ಅದ ಮುಲಾಮು, ಚೀಟ್ಯಾಗ ಬರದಂಗ ನೆಕ್ಕಸಬೇಕಂತ. ನೀವು ನಿಂತು ಕೇಳಿದ್ರ ಏನಾಗತಿತ್ತು?"

ವೆಂಕೋಬ ಚೀಟಿ ಇಸಿದುಕೊಂಡು ದೀಪಕ್ಕೆ ಹಿಡಿದ. ಡಾಕ್ಟರ್ ಸಲಾವುದ್ದೀನರು ದುಂಡಗಿನ ಅಕ್ಷರದಲ್ಲಿ ಬರೆದಿದ್ದರು: ಮೊದಲನೇ ವಾರ ಎರಡು ಪಾದ, ದಿನಕ್ಕೆರಡು ಸಲ. ಎರಡನೇ ವಾರ ಎರಡು ಪಾದ, ದಿನಕ್ಕೊಮ್ಮೆ. ಮೂರನೇ ವಾರ ಒಂದು ಪಾದ. ನಾಲ್ಕನೇ ವಾರ ಹೆಬ್ಬೆರಳು ಮಾತ್ರ.

ಓದಿ ಮುಗಿಸಿ ಅವನು ಬಾಗಿಲ ಬಳಿಯ ನಾಯಿಯನ್ನು ನೋಡಿದ. ಉದುರಿದ ಪಕ್ಕೆ, ಜೋತ ಹೊಟ್ಟೆ. ಕೆರೆದು ಕೆರೆದು ದಣಿದು, ಹೊಸ್ತಿಲಿಗೆ ಗದ್ದವಿಟ್ಟು ಏದುಸಿರು ಬಿಡುತ್ತಿತ್ತು. ಇನ್ನು ಮೂರು ದಿನ. ವೆಂಕೋಬ ಪಂಚೆ ಮೇಲೆತ್ತಿ ಕಟ್ಟಿ ಮೋರಿಗಿಳಿದ.

ಮುನವ್ವರ್ ಬೀ ಕಂದೀಲು ಹಿಡಿದು ದಾರಿ ತೋರಿಸಿದಳು. "ಆ ಕಡಿ ಅಲ್ಲ ಭಾಯಿ, ಈ ಕಡಿ. ಇನ್ನಾ ಕೆಳಗ ಕೈ ಹಾಕು. ಅದು ಬದನಿಕಾಯಿ ತೊಟ್ಟು, ಬಿಡು." ಸತ್ತಾರ್ ಸಾಬ್ ಖಾನಾವಳಿಗೆ ಹೋಗುವುದನ್ನೇ ಬಿಟ್ಟು ಕೋಲು ತಂದುಕೊಟ್ಟರು. ಅರ್ಧ ತಾಸಿಗೆ ಟ್ಯೂಬು ಸಿಕ್ಕಿತು. ಮುಚ್ಚಳ ಭದ್ರವಾಗಿತ್ತು. ವೆಂಕೋಬ ಅದನ್ನೂ ತನ್ನನ್ನೂ ನಲ್ಲಿಯ ಕೆಳಗೆ ತೊಳೆದ.

ಆಗ ಅವನಿಗೊಂದು ವಿಚಾರ ಹೊಳೆಯಿತು. ನಾಯಿಗೆ ಬೇಕಾದ್ದು ಮುಲಾಮು ತಾನೇ? ಪಾದ ಯಾರದಾದರೇನು? ಕಟ್ಟೆಯ ಮೇಲೆ ಕೂತು, ತನ್ನ ಎರಡೂ ಪಾದಗಳಿಗೆ ಮುಲಾಮು ಬಳಿದುಕೊಂಡು, "ಲಾಡೂ, ಬಾ," ಎಂದು ಕರೆದ. ಇಡೀ ಓಣಿ ನೋಡುತ್ತಿತ್ತು.

ಲಾಡು ಎದ್ದು ಬಂತು. ಎಡಪಾದ ಮೂಸಿತು, ಬಲಪಾದ ಮೂಸಿತು. ವೆಂಕೋಬನ ಮುಖವನ್ನು ಒಮ್ಮೆ ನೋಡಿತು. ಆಮೇಲೆ ಸೀನಿ, ಹಿಂದಿರುಗಿ ಹೋಗಿ, ತಾಯಣ್ಣನ ಹೊಸ್ತಿಲ ಮೇಲೆ ಮೊದಲಿನ ಹಾಗೆಯೇ ಗದ್ದವಿಟ್ಟು ಮಲಗಿತು.

ಯಾರೂ ನಗಲಿಲ್ಲ. ನಕ್ಕಿದ್ದರೆ ವೆಂಕೋಬನಿಗೆ ಹಗುರವಾಗುತ್ತಿತ್ತೇನೋ. ಮೂಕಮ್ಮ ಒಂದು ಚೊಂಬು ನೀರು ತಂದು ಅವನ ಕಾಲ ಬಳಿ ಇಟ್ಟು ಹೋದಳು. ಅವನು ಪಾದ ತೊಳೆದುಕೊಂಡು, ಟ್ಯೂಬು ಹಿಡಿದು, ಓಣಿ ದಾಟಿ ಬಾಗಿಲು ಬಡಿದ.

"ಯಪ್ಪಾ, ಬಾಗಿಲ ತೆಗಿ."

"ಹೋಗು," ಎಂದಿತು ಒಳಗಿನ ದನಿ.

"ತಪ್ಪಾತು. ನಾಯಿ ಸಾಯತದ ಯಪ್ಪಾ." ಮುಚ್ಚಿದ ಬಾಗಿಲಿಗೆ ಮುಖ ಹಚ್ಚಿ ಚೀಟಿಯನ್ನು ಪೂರ್ತಿ ಓದಿ ಹೇಳಿದ. ಎರಡು ಪಾದ, ಒಂದು ಪಾದ, ಹೆಬ್ಬೆರಳು.

ಬಹಳ ಹೊತ್ತಿನ ಮೇಲೆ ಅಗಳಿ ಸರಿಯಿತು. ಲಾಡು ಒಳಗೆ ನುಗ್ಗಿ ತಾಯಣ್ಣನ ಎದೆಯವರೆಗೆ ಜಿಗಿಯಿತು. ತಾಯಣ್ಣ ಅದರ ಬೋಳು ಬೆನ್ನು ಸವರಿದ. ಕಣ್ಣು ಒದ್ದೆಯಾಗಿದ್ದುದು ಕಂದೀಲಿನ ಬೆಳಕಿಗೆ ಕಂಡಿತು. ಅವನು ಹೊರಸು ಹೊರಗೆ ತಂದು, ಬೇವಿನ ಮರದ ಕೆಳಗೆ ಹಾಕಿ, ಕೂತು, ಎರಡೂ ಕಾಲು ಚಾಚಿದ.

ವೆಂಕೋಬ ಟ್ಯೂಬು ಮುಂದೆ ಹಿಡಿದ. ತಾಯಣ್ಣ ತೆಗೆದುಕೊಳ್ಳಲಿಲ್ಲ.

"ನಾ ಮುಟ್ಟಂಗಿಲ್ಲ. ಓಣಿ ಮಂದಿ ಮುಂದ ಆಣಿ ಮ್ಯಾಲ ಹೇಳೀನಿ. ಕಾಲು ಬೇಕಂದ್ರ ಕಾಲು ಕೊಡತೀನಿ. ಹಚ್ಚಾದು ನಿಂದು."

ವೆಂಕೋಬ ಸುತ್ತ ನೋಡಿದ. ಮುನವ್ವರ್ ಬೀ ಅವನಿಗೆ ಅನುಕೂಲವಾಗಲೆಂದು ಕಂದೀಲನ್ನು ತುಸು ಕೆಳಗೆ ಹಿಡಿದಳು. ಅವನು ನೆಲಕ್ಕೆ ಮೊಣಕಾಲೂರಿ, ಆ ಬಿರುಕು ಬಿಟ್ಟ ಬಲಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡು, ಟ್ಯೂಬು ಒತ್ತಿ, ಹಚ್ಚತೊಡಗಿದ. ಲಾಡು ಪಕ್ಕದಲ್ಲಿ ಬಂದು ಕೂತು, ಮುಗಿಯಲೆಂದು ಬಾಲವಾಡಿಸುತ್ತ ಕಾಯಿತು.

"ನೆಟ್ಟಗ ಹಚ್ಚಪಾ ವೆಂಕೋಬ," ಎಂದ ತಾಯಣ್ಣ. "ಬೆರಳ ಸಂದ್ಯಾಗ ಬಿಟ್ಟಿ ನೋಡು."